ಅಷ್ಟೊಂದು ಉಪಗ್ರಹ ಇದ್ದೂ ಚಂಡಮಾರುತದ ದಾರಿ ಯಾಕೆ ತಪ್ಪುತ್ತದೆ?

ಓದುಗರ ಪ್ರಶ್ನೆ: ನಮ್ಮದು ಕೋಲಾರದ ಹತ್ತಿರ ಒಂದು ಹಳ್ಳಿ. ರಾಗಿ ಕಟಾವಿನ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಅಂತ ಟಿವಿಯಲ್ಲಿ ಶುರುವಾಗುತ್ತದೆ. ನಾಳೆ ಅಂತಾರೆ, ಆಮೇಲೆ ನಾಡಿದ್ದು ಅಂತಾರೆ, ದುರ್ಬಲವಾಯಿತು ಅಂತಾರೆ. ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಸುರಿಯುತ್ತದೆ. ಮೇಲಿಂದ ಉಪಗ್ರಹ ನೋಡುತ್ತಲೇ ಇರುತ್ತದಲ್ಲ, ಆದರೂ ಸರಿಯಾಗಿ ಹೇಳಲು ಯಾಕೆ ಆಗುವುದಿಲ್ಲ?

ಈ ಪ್ರಶ್ನೆ ಓದುತ್ತಿದ್ದಂತೆ 2024ರ ನವೆಂಬರ್ ಕೊನೆಯ ವಾರ ನೆನಪಾಯಿತು. ಆಗ ಫೆಂಗಲ್ ಚಂಡಮಾರುತ ತಮಿಳುನಾಡಿನ ಕಡೆ ಬರುತ್ತಿತ್ತು. ಬರುತ್ತಿತ್ತು ಅನ್ನುವುದಕ್ಕಿಂತ, ಬರಲೋ ಬೇಡವೋ ಅಂತ ನಿಂತಿತ್ತು ಅನ್ನಬೇಕು. ಹವಾಮಾನದ ಹುಚ್ಚು ಇರುವ ನನ್ನಂಥವರು ಬೆಂಗಳೂರಿನಲ್ಲಿ ಕೂತು ರಾತ್ರಿಯೆಲ್ಲ ಅದನ್ನೇ ನೋಡುತ್ತಿದ್ದೆವು. ನೀವು ಹೇಳಿದ ಅಷ್ಟೂ ಸಂಗತಿ ಆ ಒಂದೇ ವಾರದಲ್ಲಿ ನಡೆಯಿತು. ಅದಕ್ಕೇ ಫೆಂಗಲ್ ಇಟ್ಟುಕೊಂಡೇ ಉತ್ತರ ಹೇಳುತ್ತೇನೆ.

ನವೆಂಬರ್ 25ಕ್ಕೆ ಅದು ವಾಯುಭಾರ ಕುಸಿತ, ಅಂದರೆ ಚಂಡಮಾರುತಕ್ಕಿಂತ ಮೊದಲಿನ ಹಂತ ಆಯಿತು. 26ಕ್ಕೆ ತೀವ್ರ ವಾಯುಭಾರ ಕುಸಿತ. 27ಕ್ಕೆ ಚಂಡಮಾರುತ ಆಗುತ್ತದೆ ಅಂತ ಭಾರತೀಯ ಹವಾಮಾನ ಇಲಾಖೆ ಹೇಳಿತ್ತು. ಆಗಲಿಲ್ಲ. ಶ್ರೀಲಂಕಾದ ಪಕ್ಕದಲ್ಲಿ ತೆವಳುತ್ತಾ ಎರಡು ದಿನ ಕಳೆಯಿತು. 28ರ ಹೊತ್ತಿಗೆ ಮುನ್ಸೂಚನೆ ಬದಲಾಯಿತು. ದಡ ಸೇರುವಾಗ ಅದರಲ್ಲಿ ಚಂಡಮಾರುತದ ಬಲ ಉಳಿದಿರುವುದಿಲ್ಲ ಅನ್ನುವ ಲೆಕ್ಕ ಬಂತು. ಜನ ಉಸಿರು ಬಿಟ್ಟರು. 29ರ ಮಧ್ಯಾಹ್ನ ಅದು ಚಂಡಮಾರುತ ಆಗಿಯೇ ಬಿಟ್ಟಿತು! 30ರ ರಾತ್ರಿ ಸುಮಾರು 11 ಗಂಟೆಗೆ ಪುದುಚೇರಿಯ ಹತ್ತಿರ ದಡ ದಾಟಿತು. ದಾಟಿದ ಮೇಲೆ ಮುಂದೆ ಹೋಗಬೇಕು ತಾನೇ? ಹೋಗಲಿಲ್ಲ. ಮರುದಿನ ಬೆಳಗ್ಗೆಯೂ ಅಲ್ಲೇ ನಿಂತಿತ್ತು. ಪುದುಚೇರಿಯಲ್ಲಿ 24 ಗಂಟೆಯಲ್ಲಿ ಸುಮಾರು 48 ಸೆಂ.ಮೀ. ಮಳೆ ಸುರಿಯಿತು. ಅಲ್ಲಿ ಅದಕ್ಕೂ ಮೊದಲಿನ ದಾಖಲೆ 2004ರ ಅಕ್ಟೋಬರ್‌ನದು, ಸುಮಾರು 21 ಸೆಂ.ಮೀ. ಅದರ ಎರಡು ಪಟ್ಟಿಗೂ ಜಾಸ್ತಿ ಆಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಮಗೆಲ್ಲ ಒಂದು ನಂಬಿಕೆ ಇದೆ. ದೊಡ್ಡ ಚಂಡಮಾರುತ ಅಂದರೆ ಅದರ ಲೆಕ್ಕ ಹಾಕುವುದು ಕಷ್ಟ, ಸಣ್ಣದಾದರೆ ಸುಲಭ ಅಂತ. ನಿಜ ಬಹುಮಟ್ಟಿಗೆ ಉಲ್ಟಾ. 2013ರ ಅಕ್ಟೋಬರ್‌ನಲ್ಲಿ ಒಡಿಶಾಗೆ ಬಂದ ಫೈಲಿನ್ ಭಾರಿ ಬಲದ್ದು. ಅದು ಗೋಪಾಲಪುರದ ಸುತ್ತಮುತ್ತ ಬರುತ್ತದೆ ಅಂತ ದಿನಗಳ ಮೊದಲೇ ಹೇಳಿದ್ದರು, ಅಲ್ಲಿಗೇ ಬಂತು. ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರಿಂದ ಅಷ್ಟು ದೊಡ್ಡ ಗಾಳಿಯಲ್ಲೂ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. 1999ರಲ್ಲಿ ಅದೇ ಒಡಿಶಾದಲ್ಲಿ ಸುಮಾರು 10,000 ಜನ ಸತ್ತಿದ್ದರು.

ಬಲವಾದ ಚಂಡಮಾರುತಕ್ಕೆ ನಡುವೆ ಕಣ್ಣು ಇರುತ್ತದೆ. ಉಪಗ್ರಹದ ಚಿತ್ರದಲ್ಲಿ ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ಇಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಫೆಂಗಲ್‌ನಂಥ ಬಡಕಲು ಚಂಡಮಾರುತಕ್ಕೆ ಕಣ್ಣು ಇರುವುದಿಲ್ಲ. ದೊಡ್ಡ ಮೋಡದ ರಾಶಿ ಒಂದು ಕಡೆ ಇರುತ್ತದೆ, ಸುತ್ತುವ ಗಾಳಿಯ ನಡುಭಾಗ ಇನ್ನೊಂದು ಕಡೆ ಇರುತ್ತದೆ. ಮೇಲಿನ ಗಾಳಿ ಒಂದು ದಿಕ್ಕಿಗೆ, ಕೆಳಗಿನ ಗಾಳಿ ಇನ್ನೊಂದು ದಿಕ್ಕಿಗೆ ಬೀಸಿದಾಗ ಹೀಗಾಗುತ್ತದೆ. ಮೋಡದ ಟೋಪಿ ತಲೆಯಿಂದ ಜಾರಿದ ಹಾಗೆ. ಕೆಲವೊಮ್ಮೆ ಹಳೆಯ ನಡುಭಾಗ ಕರಗಿ, ಹತ್ತಾರು ಕಿಲೋಮೀಟರ್ ಆಚೆ ಹೊಸದೊಂದು ಹುಟ್ಟುತ್ತದೆ. ಆಗ ಹಿಂದಿನ ದಿನದ ಲೆಕ್ಕವೆಲ್ಲ ಕೈಬಿಟ್ಟು ಮತ್ತೆ ಶುರು ಮಾಡಬೇಕು.

ಉಪಗ್ರಹ ನೋಡುತ್ತದೆ, ನಿಜ. ನಮ್ಮ ಇನ್ಸಾಟ್ ಸರಣಿಯವು ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಂದು ಚಿತ್ರ ಕಳಿಸುತ್ತವೆ. 2024ರ ಫೆಬ್ರವರಿಯಲ್ಲಿ ಇಸ್ರೋ ಇನ್ಸಾಟ್-3ಡಿಎಸ್ ಅನ್ನೂ ಹಾರಿಸಿತು. ಆದರೆ ಇವಕ್ಕೆ ಕಾಣುವುದು ಮೋಡದ ಮೇಲ್ಭಾಗ. ಅದರಲ್ಲೂ ರಾತ್ರಿ ಹೊತ್ತು ಶಾಖದ ಚಿತ್ರ ಮಾತ್ರ. ಮೋಡದ ಅಡಿಯಲ್ಲಿ ಸುಳಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಮೋಡ ತೂರಿ ನೋಡುವ ಮೈಕ್ರೋವೇವ್ ಉಪಗ್ರಹಗಳು ಕೆಳಗೆ ಸುತ್ತುತ್ತವೆ. ಒಂದೊಂದೂ ದಿನಕ್ಕೆ ಒಂದೆರಡು ಸಲ ಮಾತ್ರ ನಮ್ಮ ಕಡೆ ಬರುತ್ತದೆ. ಎರಡು ಬಾರಿಯ ನಡುವೆ ಊಹೆಯೇ ಗತಿ. ಅಮೆರಿಕದಲ್ಲಿ ಚಂಡಮಾರುತದ ಒಳಗೇ ವಿಮಾನ ಹಾರಿಸಿ ಗಾಳಿ, ಒತ್ತಡ ಅಳೆದು ಬರುತ್ತಾರೆ. ನಮ್ಮಲ್ಲಿ ಅಂಥ ನಿತ್ಯದ ವ್ಯವಸ್ಥೆ ಇಲ್ಲ. ಸಮುದ್ರದಲ್ಲಿ ಗಾಳಿ, ಒತ್ತಡ ಅಳೆಯಲು ತೇಲಿಬಿಟ್ಟ ಬೋಯೆಗಳಿವೆ, ಆದರೆ ಅಷ್ಟು ದೊಡ್ಡ ಕೊಲ್ಲಿಗೆ ಅವು ತೀರಾ ಕಡಿಮೆ. ದಡಕ್ಕೆ ಹತ್ತಿರ ಬಂದ ಮೇಲೆ ಚೆನ್ನೈ, ಕಾರೈಕಾಲ್ ರೇಡಾರ್‌ಗಳು ಹಿಡಿಯುತ್ತವೆ. ಅಷ್ಟು ಹೊತ್ತಿಗೆ ತಯಾರಿಗೆ ಉಳಿದಿರುವುದು ಒಂದು ದಿನ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ಸಂಗತಿ ಇನ್ನು ಬರುತ್ತದೆ. ಚಂಡಮಾರುತಕ್ಕೆ ಎಂಜಿನ್ ಇದೆ, ಸ್ಟೇರಿಂಗ್ ಇಲ್ಲ. ಬಿಸಿ ಸಮುದ್ರದಿಂದ ಶಕ್ತಿ ಹೀರಿ ಸುತ್ತುತ್ತದೆ. ಅದಕ್ಕೆ ನೀರು ಸುಮಾರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು. ಆದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬಹುಪಾಲು ತೀರ್ಮಾನ ಮಾಡುವುದು ಸುತ್ತಲಿನ ಗಾಳಿ. ಹೊಳೆಯಲ್ಲಿ ತೇಲುವ ಎಲೆಯ ಹಾಗೆ. ಶಿವಮೊಗ್ಗದ ಕೂಡ್ಲಿಗೆ ಹೋಗಿದ್ದೀರಾ? ಅಲ್ಲಿ ತುಂಗೆ ಭದ್ರೆ ಸೇರುತ್ತವೆ. ಬರೀ ತುಂಗೆಯಲ್ಲಿ ಒಂದು ಎಲೆ ಬಿಟ್ಟರೆ ಎತ್ತ ಹೋಗುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಎರಡೂ ನೀರು ಸೇರುವ ಜಾಗದಲ್ಲಿ ಬಿಟ್ಟರೆ? ಒಂದು ಗೇಣು ಆಚೆ ಬಿಟ್ಟರೆ ಒಂದು ದಾರಿ, ಈಚೆ ಬಿಟ್ಟರೆ ಇನ್ನೊಂದು ದಾರಿ. ಕೆಲವು ಎಲೆ ಅಲ್ಲೇ ಸುತ್ತುತ್ತಾ ನಿಲ್ಲುತ್ತವೆ. ಫೆಂಗಲ್ ದಡದಲ್ಲಿ ನಿಂತದ್ದು ಹಾಗೆ. ಅದನ್ನು ಗಟ್ಟಿಯಾಗಿ ಎಳೆದೊಯ್ಯುವ ಗಾಳಿ ಯಾವ ಕಡೆಯಿಂದಲೂ ಇರಲಿಲ್ಲ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬಲವಾದ ಚಂಡಮಾರುತ ಎತ್ತರವಾಗಿ ಬೆಳೆದಿರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದವರೆಗಿನ ಗಾಳಿಯೆಲ್ಲ ಸೇರಿ ಅದನ್ನು ತಳ್ಳುತ್ತದೆ. ಬಡಕಲು ಆದದ್ದು ಗಿಡ್ಡ. ಅದನ್ನು ಕೆಳಗಿನ ಗಾಳಿ ಮಾತ್ರ ತಳ್ಳುತ್ತದೆ. ಹಿಂಗಾರಿನ ಕಾಲದಲ್ಲಿ ಕೆಳಗಿನ ಗಾಳಿ ಈಶಾನ್ಯದಿಂದ ಬೀಸುತ್ತದೆ, ಮೇಲಿನದು ಬೇರೆ ದಿಕ್ಕು. ಅಂದರೆ ಅದು ಎಷ್ಟು ಬಲಿಯುತ್ತದೆ ಅನ್ನುವುದರಲ್ಲಿ ತಪ್ಪಿದರೆ, ಎತ್ತ ಹೋಗುತ್ತದೆ ಅನ್ನುವುದೂ ತಪ್ಪುತ್ತದೆ. 2013ರ ಡಿಸೆಂಬರ್‌ನಲ್ಲಿ ಬಂದ 'ಮಾಡಿ' ಅನ್ನುವ ಹೆಸರಿನ ಚಂಡಮಾರುತ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಬಲವಾಗಿದ್ದಾಗ ಉತ್ತರಕ್ಕೆ ಹೋಯಿತು. ಸೊರಗಿದ ಮೇಲೆ ತಿರುಗಿ ನೈಋತ್ಯಕ್ಕೆ, ಬಂದ ದಿಕ್ಕಿಗೇ ವಾಪಸ್ ಹೊರಟು ವೇದಾರಣ್ಯದ ಬಳಿ ದಡ ಸೇರಿತು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಈಗಿನ ಗಾಳಿ, ಒತ್ತಡ, ಶಾಖ, ತೇವ ಎಲ್ಲ ಕೊಟ್ಟು ಕಂಪ್ಯೂಟರ್ ಮುಂದಿನ ದಿನಗಳನ್ನು ಲೆಕ್ಕ ಮಾಡುತ್ತದೆ. ಇಂಥ ಲೆಕ್ಕಗಳಲ್ಲಿ ಒಂದಾದ ಅಮೆರಿಕದ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಬರುತ್ತದೆ. ಯುರೋಪಿನವರದ್ದೊಂದು ಇದೆ, ನಮ್ಮ ಇಲಾಖೆಯದ್ದೂ ಇದೆ. ಆರಂಭದ ಅಳತೆಯಲ್ಲಿ ಸಣ್ಣ ತಪ್ಪು ಇದ್ದೇ ಇರುತ್ತದೆ ಅಂತ ಅವರಿಗೂ ಗೊತ್ತು. ಅದಕ್ಕೇ ಯುರೋಪಿನವರು ಆರಂಭವನ್ನು ಬೇಕೆಂದೇ ಚೂರು ಚೂರು ಬದಲಿಸಿ 51 ಸಲ ಲೆಕ್ಕ ಮಾಡುತ್ತಾರೆ. 51 ಗೆರೆಗಳು ಒಂದೇ ಊರಿಗೆ ಹೋದರೆ ಧೈರ್ಯವಾಗಿ ಹೇಳಬಹುದು. ಬೀಸಣಿಗೆ ಬಿಚ್ಚಿದ ಹಾಗೆ ಹರಡಿದರೆ ಇನ್ನೂ ಕಾಯಬೇಕು. ಫೆಂಗಲ್ ವಾರದಲ್ಲಿ ಬೆಳಗಿನ ಲೆಕ್ಕ ಒಂದು, ರಾತ್ರಿಯ ಲೆಕ್ಕ ಇನ್ನೊಂದು. ಟಿವಿಯಲ್ಲಿ ನಿಮಗೆ ತೋರಿಸುವುದು ಒಂದೇ ಗೆರೆ. ಆ ಗೆರೆಯ ಎರಡೂ ಕಡೆ ಅಗಲವಾಗುತ್ತಾ ಹೋಗುವ ಶಂಕುವಿನ ಆಕಾರ ಇರುತ್ತದೆ. ಇಲಾಖೆಯ ನಕ್ಷೆಯಲ್ಲಿ ಅದು ಇದ್ದೇ ಇರುತ್ತದೆ. ಸುದ್ದಿಯಲ್ಲಿ ಮಾತ್ರ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಇಲ್ಲಿ ನಮ್ಮಂಥ ಹವ್ಯಾಸಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ತಮಿಳುನಾಡಿನಲ್ಲಿ ಮಳೆ ನೋಡುವುದು ದೊಡ್ಡ ಹವ್ಯಾಸ. ತಮಿಳುನಾಡು ವೆದರ್‌ಮ್ಯಾನ್ ಅಂತಲೇ ಹೆಸರಾದ ಪ್ರದೀಪ್ ಜಾನ್ ಬರೆಯುವುದನ್ನು ಅಲ್ಲಿ ಲಕ್ಷಾಂತರ ಜನ ಓದುತ್ತಾರೆ. ರೇಡಾರ್ ಚಿತ್ರ ಓದುವುದು, ಹಳೆಯ ಚಂಡಮಾರುತಗಳ ದಾರಿ ಬಾಯಲ್ಲಿ ಹೇಳುವುದು, ತಾರಸಿಯ ಮೇಲೆ ಮಳೆಮಾಪಕ ಇಟ್ಟು ಅಳೆಯುವುದು, ಇದರಿಂದ ನಾನು ಕಲಿತದ್ದು ತುಂಬಾ ಇದೆ. ಆದರೆ ಹತ್ತು ದಿನ ಮುಂದಿನ ಒಂದೇ ಒಂದು ಲೆಕ್ಕದ, ಅದರಲ್ಲೂ ಕೆಂಪಗೆ ಕಾಣುವ ಭಯಂಕರ ನಕ್ಷೆ ತೆಗೆದು ವಾಟ್ಸ್‌ಆ್ಯಪ್‌ಗೆ ಬಿಡುವವರೂ ಇದ್ದಾರೆ. ಅದು ಹನ್ನೆರಡು ಗಂಟೆಯಲ್ಲಿ ಬದಲಾಗುತ್ತದೆ. ಜನ ಬೈಯುವುದು ಮಾತ್ರ ಇಲಾಖೆಯನ್ನು. ಇದು ನನಗೆ ನಿಜಕ್ಕೂ ನೋವಿನ ವಿಷಯ. 24 ಗಂಟೆ ಮುಂಚಿನ ದಾರಿಯ ಮುನ್ಸೂಚನೆಯಲ್ಲಿ ಇಲಾಖೆಯ ಸರಾಸರಿ ತಪ್ಪು ಈಗ 100 ಕಿ.ಮೀ.ಗಿಂತ ಕಡಿಮೆಗೆ ಬಂದಿದೆ. ಸಮುದ್ರದ ಮೇಲೆ ಅದು ಸಣ್ಣ ದೂರ. ಆದರೆ ಚೆನ್ನೈಗೂ ಪುದುಚೇರಿಗೂ ನೇರ ದೂರವೇ ಸುಮಾರು 135 ಕಿ.ಮೀ., ನೋಡಿ.

"ದುರ್ಬಲವಾಯಿತು" ಅನ್ನುವ ಪದದ ಬಗ್ಗೆ ನೀವು ಬರೆದಿದ್ದೀರಿ. ಅದು ಗಾಳಿಯ ಲೆಕ್ಕ. ಗಂಟೆಗೆ 61 ಕಿ.ಮೀ. ಗಾಳಿ ಇದ್ದರೆ ತೀವ್ರ ವಾಯುಭಾರ ಕುಸಿತ, 62 ಆದರೆ ಚಂಡಮಾರುತ. ಒಂದು ಕಿಲೋಮೀಟರ್ ಕಡಿಮೆಯಾದರೆ ಹೆಸರು ಹೋಗುತ್ತದೆ, ಮೋಡದಲ್ಲಿರುವ ನೀರು ಎಲ್ಲಿಗೂ ಹೋಗುವುದಿಲ್ಲ. ಎಷ್ಟು ಮಳೆ ಬೀಳುತ್ತದೆ ಅನ್ನುವುದು ಅದು ಎಷ್ಟು ನಿಧಾನವಾಗಿ ಸಾಗುತ್ತದೆ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ. ಫೆಂಗಲ್ ದಡ ದಾಟುವಾಗ ಗಾಳಿ ಗಂಟೆಗೆ 70-80 ಕಿ.ಮೀ. ಅಷ್ಟೇ. ದಡದಲ್ಲೇ ನಿಂತಿದ್ದರಿಂದ ಅದರ ಅರ್ಧ ಭಾಗ ಸಮುದ್ರದಿಂದ ತೇವ ಎಳೆಯುತ್ತಲೇ ಇತ್ತು.

ಎಲ್ಲಿ ದಡ ದಾಟುತ್ತದೆ ಅನ್ನುವ ಒಂದೇ ಪ್ರಶ್ನೆಗೆ ಅಂಟಿಕೊಳ್ಳುವುದೂ ತಪ್ಪು ದಾರಿ. 2023ರ ಡಿಸೆಂಬರ್ 5ಕ್ಕೆ ಮಿಚಾಂಗ್ ದಡ ದಾಟಿದ್ದು ಆಂಧ್ರದ ಬಾಪಟ್ಲ ಹತ್ತಿರ. ಮುಳುಗಿದ್ದು ಅದಕ್ಕಿಂತ ಮೊದಲೇ, 3 ಮತ್ತು 4ರಂದು, ಚೆನ್ನೈ. ಅದು ಚೆನ್ನೈ ಮುಂದೆ ದಡಕ್ಕೆ ಸಮಾನಾಂತರವಾಗಿ ಮೆಲ್ಲಗೆ ಸಾಗುತ್ತಿತ್ತು.

ಅನಿಶ್ಚಿತತೆಯ ಇನ್ನೊಂದು ಮುಖ ಓಖಿ. 2017ರ ನವೆಂಬರ್ 29ಕ್ಕೆ ವಾಯುಭಾರ ಕುಸಿತ, 30ರ ಬೆಳಗ್ಗೆ ಚಂಡಮಾರುತ. ಕನ್ಯಾಕುಮಾರಿ, ತಿರುವನಂತಪುರದ ಮೀನುಗಾರರು ಅಷ್ಟು ಹೊತ್ತಿಗೆ ಸಮುದ್ರದಲ್ಲಿದ್ದರು. ನೂರಾರು ಜನ ವಾಪಸ್ ಬರಲಿಲ್ಲ. ಅದಕ್ಕೇ ಇಲಾಖೆ ಕೊನೆಗೆ ಏನೂ ಆಗದೇ ಹೋಗಬಹುದಾದ ಕುಸಿತಕ್ಕೂ ಮೊದಲೇ ಎಚ್ಚರಿಕೆ ಕೊಟ್ಟರೆ ನನಗೆ ಸಿಟ್ಟು ಬರುವುದಿಲ್ಲ.

ಇನ್ನು ನಿಮ್ಮ ರಾಗಿ. ಪುದುಚೇರಿಯಿಂದ ಕೋಲಾರಕ್ಕೆ ನೇರ ದೂರ ಸುಮಾರು 225 ಕಿ.ಮೀ. ಗಂಟೆಗೆ 10 ಕಿ.ಮೀ.ನಂತೆ ಬಂದರೆ ಒಂದು ದಿನ. "ದಡ ದಾಟಿತು" ಅಂತ ಟಿವಿ ಬೇರೆ ಸುದ್ದಿಗೆ ಹೋದಾಗಲೇ ನಿಮ್ಮ ಕಡೆಯ ಮಳೆ ಶುರುವಾಗುವುದು. ಫೆಂಗಲ್ ದಡ ದಾಟಿದ ಮಾರನೇ ದಿನ, ಡಿಸೆಂಬರ್ 1ರಿಂದ 2ರ ಬೆಳಗಿನೊಳಗೆ, ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಸುಮಾರು 50 ಸೆಂ.ಮೀ. ಮಳೆ ಬಿತ್ತು. ಊತ್ತಂಗರೈ ಕೋಲಾರದಿಂದ ಹೆಚ್ಚುಕಡಿಮೆ 100 ಕಿ.ಮೀ. ಅಷ್ಟೇ! ನಮ್ಮ ನಂದಿ ಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಕೆಳಗೆ ವಿಳುಪ್ಪುರಂ, ಕಡಲೂರಿನಲ್ಲಿ ಊರಿಗೆ ನುಗ್ಗಿತು. ಉಳಿದ ಮೋಡ ಘಟ್ಟ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಡಿಸೆಂಬರ್ 3ಕ್ಕೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಶಾಲೆಗಳಿಗೆ ರಜೆ ಕೊಟ್ಟರು.

ಚಂಡಮಾರುತ ಇರುವಾಗ ಇಲಾಖೆ 3 ಗಂಟೆಗೊಮ್ಮೆ ಪ್ರಕಟಣೆ ಕೊಡುತ್ತದೆ. ಅದರ ಮೊದಲ ಸಾಲಿನಲ್ಲೇ ಕಳೆದ 6 ಗಂಟೆಯಲ್ಲಿ ಅದು ಯಾವ ದಿಕ್ಕಿಗೆ, ಗಂಟೆಗೆ ಎಷ್ಟು ಕಿ.ಮೀ. ವೇಗದಲ್ಲಿ ಸಾಗಿತು ಅಂತ ಇರುತ್ತದೆ. ಹೆಸರು ಬಿಡಿ, ಗಾಳಿಯ ವೇಗ ಬಿಡಿ, ನೀವು ಆ ಒಂದು ಸಾಲು ನೋಡಿ. 15, 20 ಅಂತ ಇದ್ದರೆ ಬಂದು ಹೋಗುತ್ತದೆ. 5, 7ಕ್ಕೆ ಇಳಿದಿದ್ದರೆ, ಅಥವಾ ಇದ್ದಲ್ಲೇ ನಿಂತಿದೆ ಅಂತ ಬರೆದಿದ್ದರೆ, ಮತ್ತೆ ಅದರ ಮುಂದಿನ ದಾರಿ ಪಶ್ಚಿಮಕ್ಕೆ, ಅಂದರೆ ನಿಮ್ಮ ಕಡೆಗೆ ಇದ್ದರೆ, ನಾನಾಗಿದ್ದರೆ ಕೊಯ್ಯುವುದನ್ನು ನಿಲ್ಲಿಸಿ, ಕೊಯ್ದು ಹಾಕಿದ ರಾಗಿಯನ್ನೆಲ್ಲ ಅವತ್ತೇ ಸಂಜೆ ಮೆದೆ ಒಟ್ಟಿ ಟಾರ್ಪಾಲು ಹೊದಿಸಿಬಿಡುತ್ತೇನೆ.