ಅಪ್ಪ ಸತ್ತರೂ ಗಡ್ಡಪ್ಪ ಯಾಕೆ ಅಳೋದಿಲ್ಲ?

ಪ್ರಶ್ನೆ: ‘ತಿಥಿ’ ಸಿನಿಮಾ ಈಗಷ್ಟೇ ನೋಡಿದೆ. ಹೆತ್ತ ಅಪ್ಪ ಸತ್ತರೂ ಆ ಗಡ್ಡಪ್ಪನಿಗೆ ಏನೂ ಅನ್ನಿಸೋದೇ ಇಲ್ವಲ್ಲ? ಬೀಡಿ, ಬ್ರಾಂದಿ, ತಿರುಗಾಟ ಅಷ್ಟೇ. ಇವನೆಂಥಾ ಮನುಷ್ಯ?

ಉತ್ತರ: ಕೊಪ್ಪಳದ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂತು. ಕೇಳಿದ್ದು ಅವ್ವ. ಮೊದಲ ಅರ್ಧ ಗಂಟೆ ಮಂಡ್ಯದ ಮಾತು ಅರ್ಥ ಆಗದೆ ಒದ್ದಾಡಿದಳು, ಆಮೇಲೆ ಗಡ್ಡಪ್ಪನ ಮೇಲೆ ಸಿಟ್ಟಾದಳು.

ಅಳೋದಿಲ್ಲ ಅಂದರೆ ನೋವಿಲ್ಲ ಅಂತ ಅಲ್ಲ. ಕುರಿಗಾಹಿಗಳ ಜೊತೆ ಕೂತು ಅವನು ತನ್ನ ಹಳೇ ಬದುಕಿನ ಕತೆ ಹೇಳುತ್ತಾನಲ್ಲ, ಅದನ್ನು ಇನ್ನೊಮ್ಮೆ ನೋಡಿ. ಅಪ್ಪನಿಂದಲೇ ತನ್ನ ಸಂಸಾರಕ್ಕೆ ಏನಾಯ್ತು ಅಂತ ಯಾರದೋ ಮನೆ ಸುದ್ದಿಯ ಹಾಗೆ ಹೇಳಿಬಿಡುತ್ತಾನೆ. ಪೂರ್ತಿ ಇಲ್ಲಿ ಬರೆಯೋದಿಲ್ಲ, ನೋಡದವರೂ ಇದನ್ನು ಓದ್ತಿರ್ತಾರೆ. ಅವನ ಅಳು ಎಂದೋ ಮುಗಿದಿದೆ. ನಾವು ನೋಡೋದು ಆಮೇಲಿನ ಮನುಷ್ಯನನ್ನು.

ಆ ಪಾತ್ರ ಮಾಡಿದ ಚನ್ನೇಗೌಡರು ಆಗ ವೃತ್ತಿ ನಟರಾಗಿರಲಿಲ್ಲ. ನಿರ್ದೇಶಕ ರಾಮ್ ರೆಡ್ಡಿ, ಬರೆದ ಈರೇಗೌಡ ಇಬ್ಬರೂ ಸೇರಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಲಿನ ಜನರನ್ನೇ ಹಾಕಿಕೊಂಡಿದ್ದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಸಿನಿಮೋತ್ಸವದಲ್ಲಿ ಚಿತ್ರಕ್ಕೆ ಎರಡು ಪ್ರಶಸ್ತಿ ಬಂತು. ನಟನೆ ಕಲಿತವರಾಗಿದ್ದರೆ ಆ ಕತೆ ಹೇಳುವಾಗ ಒಂದು ಹನಿ ಕಣ್ಣೀರು ತರದೆ ಬಿಡ್ತಿರಲಿಲ್ಲ ಅನ್ಸುತ್ತೆ, ಅಲ್ವಾ?

ಇನ್ನೊಂದು ಮಾತು. ಊರಿಗೆಲ್ಲ ಅವನು ಹುಚ್ಚ, ಸರಿ. ಆದರೆ ಸತ್ತ ಅಜ್ಜನ ಹೆಸರಲ್ಲಿರೋ 5 ಎಕರೆ ಮಾರೋಕೆ ಹೊರಟ ಅವನ ಮಗ ತಮ್ಮಣ್ಣ, ಬದುಕಿರೋ ಅಪ್ಪನಿಗೇ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ಅದನ್ನು ಯಾರೂ ಹುಚ್ಚು ಅನ್ನೋದಿಲ್ಲ, ಕೆಲಸ ಅಂತಾರೆ! ಆಸ್ತಿ ಮೊದಲು ಬರಬೇಕಾದ್ದು ಗಡ್ಡಪ್ಪನಿಗೆ, ಅವನಿಗೆ ಅದರ ಗೊಡವೆಯೇ ಬೇಡ, ಅದಕ್ಕೇ ಅವನು ಮಗನಿಗೆ ಅಡ್ಡ.

ಇದು ನಮ್ಮ ದೊಡ್ಡಪ್ಪನಿಗೆ ನಮಗಿಂತ ಮೊದಲು ತಿಳಿಯಿತು. ಕಾರಟಗಿ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬುತ್ತಾ ಅರ್ಧ ಆಯುಷ್ಯ ಕಳೆದವರು ಅವರು. ಸಿನಿಮಾದಲ್ಲಿ ಹಿಂಡು ಕಂಡಾಗೆಲ್ಲ ಮುಂದೆ ಬಾಗಿ ಮರಿ ಎಷ್ಟಿವೆ ಅಂತ ಎಣಿಸ್ತಿದ್ದರು. ಅವ್ವ ಗಡ್ಡಪ್ಪನನ್ನು ಬೈದಾಗ ಮಾತ್ರ ತಿರುಗಿ, “ಇಂವಾ ಹುಚ್ಚ ಅಲ್ಲವಾ, ಇಂವನ್ನ ಕಟ್ಟಿ ಹಾಕಾಕ ಯಾರ ಕೈಲೂ ಆಗಂಗಿಲ್ಲ, ಅಷ್ಟ” ಅಂದರು.

ಮರಣ ಪ್ರಮಾಣಪತ್ರದ ಭಾಗ ಬಂದಾಗ ಮಾತ್ರ ಗಪ್ ಆದರು. ನಮ್ಮ ಮೂರು ಎಕರೆಯ ಪಹಣಿ ಇನ್ನೂ ಮುತ್ತಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸೋಕೆ ಅಂತ ಓಡಾಡಿ ಓಡಾಡಿ ಅವರ ಎರಡು ಜೊತೆ ಚಪ್ಪಲಿ ಸವೆದಿವೆ. ಸಿನಿಮಾ ಮುಗಿದು ಎಲ್ಲರೂ ಏಳುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: “ಆ ಪತ್ರ ಮಾಡಿಕೊಟ್ಟಾಂವ, ಎಷ್ಟ ದಿನದಾಗ ಮಾಡಿಕೊಟ್ಟ?”