ನಷ್ಟದ ಲೆಕ್ಕವನ್ನು ನಷ್ಟಕ್ಕೆ ಮೊದಲೇ ಬರೆದಿಡಿ

ಪ್ರವಾಹ, ಭೂಕಂಪ, ಚಂಡಮಾರುತಗಳಿಗೆ ಸಿದ್ಧರಾಗಿ ಎಂದಾಗ ಹೆಚ್ಚಿನವರು ಮನೆಯ ದಾಖಲೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಎತ್ತರದಲ್ಲಿ ಇಡುತ್ತಾರೆ. ಅದು ಬೇಕಾದ ಕೆಲಸವೇ. ಆದರೆ ವಿಮೆ ತಕರಾರುಗಳನ್ನು ನಡೆಸುವ ವಕೀಲನಾಗಿ ನಾನು ನೋಡುವುದು ಬೇರೆ. ಪಾಲಿಸಿ ಕಳೆದುಹೋದರೆ ಕಂಪನಿಯಿಂದ ಇನ್ನೊಂದು ಪ್ರತಿ ಸಿಗುತ್ತದೆ. ಆ ಪಾಲಿಸಿಯನ್ನು ಮನೆ ಬಿದ್ದ ಮೇಲೆ ಮೊದಲ ಸಲ ಓದುವವರಿಗೆ ನಾನು ಮಾಡಿಕೊಡಬಹುದಾದ ಸಹಾಯ ಮಾತ್ರ ಬಹಳ ಕಡಿಮೆ.

ಓದುವಾಗ ಯಾವುದಕ್ಕೆ ಪರಿಹಾರ ಇಲ್ಲ ಎಂದು ಹೇಳುವ ಪುಟದಿಂದ ಶುರುಮಾಡಿ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ಗಲ್ಫ್ ಕರಾವಳಿಗೆ ಅಪ್ಪಳಿಸಿದಾಗ ಎಷ್ಟೋ ಮನೆಗಳಲ್ಲಿ ಅಡಿಪಾಯ ಬಿಟ್ಟು ಏನೂ ಉಳಿಯಲಿಲ್ಲ. ಸಾಮಾನ್ಯ ಗೃಹವಿಮೆ ಗಾಳಿಯ ಹಾನಿಯನ್ನು ಒಳಗೊಂಡಿತ್ತು, ಪ್ರವಾಹವನ್ನು ಹೊರಗಿಟ್ಟಿತ್ತು. ಮನೆ ಕೆಡವಿದ್ದು ಗಾಳಿಯೋ ಸಮುದ್ರದ ನೀರೋ ಎಂಬ ಜಗಳ ವರ್ಷಗಟ್ಟಲೆ ಕೋರ್ಟುಗಳಲ್ಲಿ ನಡೆಯಿತು. ಪ್ರವಾಹಕ್ಕೆ ಬೇರೆಯೇ ಪಾಲಿಸಿ ಬೇಕು ಎಂದಾದರೆ ಆಕಾಶ ಕಪ್ಪಾಗುವವರೆಗೆ ಕಾಯಬೇಡಿ. ಅಮೆರಿಕದ ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವಷ್ಟೇ ಜಾರಿಗೆ ಬರುತ್ತದೆ. ಚಂಡಮಾರುತದ ಮುನ್ಸೂಚನೆ ಸಿಗುವುದು ಕೆಲವೇ ದಿನ ಮೊದಲು.

ಇನ್ನು ವಿಮಾ ಮೊತ್ತ. ನನಗೆ ಅತ್ಯಂತ ಸಂಕಟ ತರುವ ಪ್ರಕರಣಗಳೆಲ್ಲ ಇಲ್ಲಿಯವು. ಮನೆಯನ್ನು ಮತ್ತೆ ಕಟ್ಟಲು 100 ಬೇಕು, ನೀವು 60ಕ್ಕೆ ವಿಮೆ ಮಾಡಿಸಿದ್ದೀರಿ, ನಷ್ಟ ಆದದ್ದು 20 ಎಂದುಕೊಳ್ಳಿ. ನಷ್ಟ ವಿಮಾ ಮೊತ್ತದ ಒಳಗೇ ಇದೆಯಲ್ಲ, ಪೂರ್ತಿ 20 ಬರುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಪಾಲಿಸಿಯಲ್ಲಿ ಸರಾಸರಿ ಷರತ್ತು (ವಿಮೆ ಕಡಿಮೆಯಿದ್ದಷ್ಟೇ ಪ್ರಮಾಣದಲ್ಲಿ ಪರಿಹಾರವನ್ನೂ ಕಡಿತಗೊಳಿಸುವ ನಿಯಮ) ಇದ್ದರೆ ಬರುವುದು 12 ಮಾತ್ರ, ಏಕೆಂದರೆ ಆಸ್ತಿಯ ನೂರಕ್ಕೆ ಅರವತ್ತು ಪಾಲಿಗಷ್ಟೇ ನೀವು ಪ್ರೀಮಿಯಂ ಕಟ್ಟಿದ್ದೀರಿ. ಅದರಲ್ಲೂ ಸವಕಳಿಯನ್ನು, ಅಂದರೆ ಹಳೆಯದಾದಂತೆ ಇಳಿದ ಬೆಲೆಯನ್ನು, ಕಳೆಯುವ ಪಾಲಿಸಿಯಾದರೆ ಕೈಗೆ ಬರುವುದು ಇನ್ನೂ ಕಡಿಮೆ. ಮೊತ್ತ ಗೊತ್ತುಮಾಡುವಾಗ ಮಾರುಕಟ್ಟೆ ಬೆಲೆ ಹಿಡಿಯಬೇಡಿ. ಅದರಲ್ಲಿ ಜಾಗದ ಬೆಲೆಯೂ ಸೇರಿರುತ್ತದೆ, ನಿಮಗೆ ಬೇಕಾದದ್ದು ಮರುನಿರ್ಮಾಣದ ವೆಚ್ಚ. 2010-11ರ ಕ್ರೈಸ್ಟ್‌ಚರ್ಚ್ ಭೂಕಂಪಗಳ ನಂತರ ನ್ಯೂಜಿಲೆಂಡಿನಲ್ಲಿ ಈ ಮೊತ್ತವನ್ನು ಗೊತ್ತುಮಾಡುವ ಹೊಣೆ ಬಹುಮಟ್ಟಿಗೆ ಮನೆಯ ಮಾಲೀಕರ ಹೆಗಲಿಗೇ ಬಿತ್ತು. ಎಂಜಿನಿಯರ್ ಒಬ್ಬರಿಂದ ಅಂದಾಜು ಬರೆಸಿಕೊಳ್ಳಿ. ಕೋಣೆ ಸೇರಿಸಿದಾಗ, ಮಹಡಿ ಎಬ್ಬಿಸಿದಾಗ ಕಂಪನಿಗೆ ಲಿಖಿತವಾಗಿ ತಿಳಿಸಿ.

ಮನೆಯೊಳಗಿನ ಸಾಮಾನಿಗೆ ಮೊಬೈಲ್ ವಿಡಿಯೊದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಬಾಗಿಲಿಂದ ಶುರುಮಾಡಿ ಒಂದೊಂದೇ ಕೋಣೆಗೆ ನಿಧಾನವಾಗಿ ಹೋಗಿ. ಕಪಾಟು ತೆರೆಯಿರಿ, ಡ್ರಾಯರ್ ಎಳೆಯಿರಿ. ಫ್ರಿಜ್ಜಿನ ಒಳಬದಿಯಲ್ಲೋ ಹಿಂದೆಯೋ ಅಂಟಿಸಿದ ಚೀಟಿಯ ಮೇಲಿನ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಓದಲು ಬರುವಷ್ಟು ಹತ್ತಿರ ಹಿಡಿಯಿರಿ. ಯಾವಾಗ ಕೊಂಡದ್ದು, ಎಷ್ಟಕ್ಕೆ ಎಂದು ಬಾಯಲ್ಲಿ ಹೇಳುತ್ತಾ ಹೋಗಿ. ವಿಮೆಯ ನಷ್ಟವನ್ನು ಅಂದಾಜು ಮಾಡಲು ಬರುವ ಸರ್ವೇಯರ್ ಮುಂದೆ ಕೂತು ನೆನಪಿನಿಂದ ಪಟ್ಟಿ ಮಾಡುವವರು ಟಿವಿ, ಸೋಫಾ ಬರೆಯುತ್ತಾರೆ. ಹಾಸಿಗೆ ಬಟ್ಟೆ, ಪಾತ್ರೆ, ಮಕ್ಕಳ ಪುಸ್ತಕ ಬಿಟ್ಟುಬಿಡುತ್ತಾರೆ. ಕೂಡಿಸಿದರೆ ಅವೇ ದೊಡ್ಡ ಮೊತ್ತ. ಚಿನ್ನ, ಕಲಾಕೃತಿಗಳಿಗೆ ಹಲವು ಪಾಲಿಸಿಗಳಲ್ಲಿ ಮಿತಿ ಇರುತ್ತದೆ, ಅವನ್ನು ಪ್ರತ್ಯೇಕವಾಗಿ ನಮೂದಿಸಬೇಕೇ ಎಂದು ಕೇಳಿ.

ಕಾನೂನಿನ ಕಡೆ ಮೊದಲು ಹೆಸರುಗಳನ್ನು ಹೊಂದಿಸಿ ನೋಡಿ. ಕ್ರಯಪತ್ರದಲ್ಲಿ ತೀರಿಹೋದ ತಂದೆಯ ಹೆಸರು, ಪಾಲಿಸಿಯಲ್ಲಿ ಮಗನ ಹೆಸರು, ಬ್ಯಾಂಕ್ ಖಾತೆಯಲ್ಲಿ ಬೇರೆ ಕಾಗುಣಿತ. ಇಷ್ಟು ಸಾಕು, ಚೆಕ್ ತಿಂಗಳುಗಟ್ಟಲೆ ತಡೆಯಲು. ಆಸ್ತಿಯ ಖಾತೆಯಲ್ಲಿ ಹೆಸರು ಬದಲಾಯಿಸುವಂಥ ಕೆಲಸಕ್ಕೆ ಕಚೇರಿಗಳು ತೆರೆದಿರುವ ಈ ದಿನಗಳೇ ಸರಿಯಾದವು.

ಇನ್ನೊಂದು, ನಿಮ್ಮ ಪರವಾಗಿ ಸಹಿ ಹಾಕುವವರು ಯಾರು? ನೀವು ಆಸ್ಪತ್ರೆಯಲ್ಲಿದ್ದರೆ ಹೆಂಡತಿಯೋ ಗಂಡನೋ ತಾನಾಗಿ ನಿಮ್ಮ ಆಸ್ತಿಯ ವ್ಯವಹಾರ ನಡೆಸಬಹುದು ಎಂದು ಭಾವಿಸಬೇಡಿ. ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಮಾಡಿಸಿದ್ದರೂ, ಬರೆದುಕೊಟ್ಟವರು ಪ್ರಜ್ಞೆ ಅಥವಾ ಬುದ್ಧಿ ಸ್ವಾಧೀನ ಕಳೆದುಕೊಂಡರೆ ಸಾಮಾನ್ಯ ಪತ್ರ ಅನೇಕ ದೇಶಗಳಲ್ಲಿ ಬಿದ್ದುಹೋಗುತ್ತದೆ. ಆಗಲೂ ಊರ್ಜಿತದಲ್ಲಿರುವ ಬೇರೆ ಬಗೆಯ ಪತ್ರಕ್ಕೆ ಕೆಲವು ದೇಶಗಳ ಕಾನೂನು ಅವಕಾಶ ಕೊಡುತ್ತದೆ. ಮರಣದೊಂದಿಗೆ ಎರಡೂ ಕೊನೆಯಾಗುತ್ತವೆ. ಅಲ್ಲಿಂದ ಮುಂದೆ ವಿಲ್ ಬೇಕು, ಅದನ್ನು ಎಲ್ಲಿಟ್ಟಿದ್ದೀರಿ ಎಂಬುದು ಮನೆಯವರಿಗೆ ಗೊತ್ತಿರಬೇಕು.

ಎಲ್ಲದರ ಸ್ಕ್ಯಾನ್ ಪ್ರತಿಯನ್ನು ಕ್ಲೌಡ್‌ನಲ್ಲಿ ಇಡಿ, ಒಂದು ಪ್ರತಿ ಬೇರೆ ಊರಿನ ನಂಬಿಕಸ್ಥರ ಬಳಿ ಇರಲಿ. ಎರಡಂಶದ ಲಾಗಿನ್ (ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡ್ ಕೂಡ ಕೇಳುವಂಥದ್ದು) ಇದ್ದರೆ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ, ಫೋನೂ ನೀರುಪಾಲಾಗಬಹುದು. ಇಷ್ಟಾದರೂ ಮೂಲಪತ್ರ ಒದ್ದೆಯಾಯಿತು ಎನ್ನಿ, ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಹೋಗಬೇಡಿ, ಬಿಸಿಲಿಗೂ ಹಾಕಬೇಡಿ. 48 ಗಂಟೆಯೊಳಗೆ ಒಣಗಿಸಲಾಗದಿದ್ದರೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ. ಬೂಷ್ಟು ಬೆಳೆಯುವುದು ಅಲ್ಲಿಗೆ ನಿಲ್ಲುತ್ತದೆ, ದಾಖಲೆ ಸಂರಕ್ಷಣೆ ಬಲ್ಲವರು ಆಮೇಲೆ ಬಿಡಿಸಿಕೊಡುತ್ತಾರೆ.