ಲೋಹ ಉಳಿಯಿತು, ಉಣ್ಣೆ ಅಳಿಯಿತು: ರೋಮನ್ ಫೆಲ್ಟ್ ಟೋಪಿಯ ಮರುಸೃಷ್ಟಿಯ ಹಿನ್ನೆಲೆ

ಪ್ರಾಚೀನ ರೋಮನ್ ಸೈನಿಕರ ವೇಷ ತೊಟ್ಟು ಅವರ ಕವಾಯತು, ಪಾಳೆಯ ಮತ್ತು ದಿನಚರಿಯನ್ನು ಜನರ ಮುಂದೆ ಆಡಿ ತೋರಿಸುವ ಹವ್ಯಾಸ ಬ್ರಿಟನ್ನಿನಲ್ಲಿ ಗಂಭೀರ ರೂಪ ಪಡೆದದ್ದು 1972ರಲ್ಲಿ ಅರ್ಮಿನ್ ಸ್ಟ್ರೀಟ್ ಗಾರ್ಡ್ ಎಂಬ ತಂಡ ಹುಟ್ಟಿದ ಕಾಲಕ್ಕೆ. ಕವಚದ ವಿಷಯದಲ್ಲಿ ಆ ಪೀಳಿಗೆಯವರಿಗೆ ಗಟ್ಟಿಯಾದ ಆಧಾರವಿತ್ತು. 1964ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಗೆ ಸಮೀಪದ ಕಾರ್‌ಬ್ರಿಜ್‌ನಲ್ಲಿ ಅಗೆದಾಗ ಸಿಕ್ಕ ಪೆಟ್ಟಿಗೆಯೊಳಗಿನ ಕಬ್ಬಿಣದ ಪಟ್ಟಿಗಳು ಎದೆಗವಚವನ್ನು ಹೇಗೆ ಜೋಡಿಸುತ್ತಿದ್ದರು ಎಂಬುದನ್ನು ಹೆಚ್ಚುಕಡಿಮೆ ಬಗೆಹರಿಸಿದ್ದವು. ಶಿರಸ್ತ್ರಾಣ ತೆಗೆದಿಟ್ಟ ಮೇಲೆ ಆ ಸೈನಿಕ ತಲೆಗೆ ಏನು ಹಾಕಿಕೊಳ್ಳುತ್ತಿದ್ದ ಎಂಬುದಕ್ಕೆ ಮಾತ್ರ ಅಂಥ ಪೆಟ್ಟಿಗೆ ಯಾವುದೂ ಸಿಗಲಿಲ್ಲ. ಯುರೋಪಿನ ಮಣ್ಣಿನಲ್ಲಿ ಉಣ್ಣೆ ಉಳಿಯುವುದು ಅಪರೂಪ. ಹೀಗಾಗಿ ಟೋಪಿಯ ಮರುಸೃಷ್ಟಿ ಬಹುಕಾಲ ಶಿಲ್ಪ, ನಾಣ್ಯ ಮತ್ತು ಗ್ರಂಥಗಳ ಮೇಲಿನ ಊಹೆಯಾಗಿಯೇ ನಡೆಯಿತು.

ಸೈನಿಕನ ಟೋಪಿಗೆ ಎಲ್ಲರೂ ಮೊದಲು ನೋಡಿದ ಮಾದರಿ ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನ ಮೂಲೆಯಲ್ಲಿ ನಿಂತಿರುವ, ಕೆನ್ನೀಲಿ ಪಾರ್ಫಿರಿ ಕಲ್ಲಿನ ನಾಲ್ವರು ಚಕ್ರವರ್ತಿಗಳ ಶಿಲ್ಪ. ಕ್ರಿ.ಶ. 300ರ ಆಸುಪಾಸಿನ ಈ ಕೃತಿಯನ್ನು, 1204ರಲ್ಲಿ ಕ್ರೂಸೇಡ್ ಯೋಧರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿದ ಬಳಿಕ, ಅಲ್ಲಿಂದ ತರಲಾಯಿತು. ನಾಲ್ವರ ತಲೆಯ ಮೇಲೂ ಅಂಚಿಲ್ಲದ, ದುಂಡನೆಯ, ಮೇಲ್ಭಾಗ ಚಪ್ಪಟೆಯಾದ ಟೋಪಿಗಳಿವೆ. ಅದನ್ನೇ ಹೋಲುವ ಟೋಪಿಗಳು ಸಿಸಿಲಿಯ ಪಿಯಾಟ್ಸಾ ಆರ್ಮೆರಿನಾದ ನೆಲಚಿತ್ತಾರಗಳಲ್ಲಿಯೂ ರೋಮ್‌ನ ಕಾನ್‌ಸ್ಟಂಟೈನ್ ಕಮಾನಿನ ಮೇಲೂ ಕಾಣುತ್ತವೆ. ಆಕಾರವೇನೋ ಸ್ಪಷ್ಟವಾಗಿದೆ, ಆದರೆ ಕಲ್ಲು ತಾನು ತೋರಿಸುತ್ತಿರುವುದು ಉಣ್ಣೆಯೋ ತೊಗಲೋ ಎಂದು ಹೇಳುವುದಿಲ್ಲ. ಸೇನಾಶಾಸ್ತ್ರ ಬರೆದ ವೆಜಿಷಿಯಸ್, ಹಿಂದಿನ ಸೈನಿಕರು 'ಪನೋನಿಯದ' (ಡ್ಯಾನ್ಯೂಬ್ ನದಿಯ ದಡದ ರೋಮನ್ ಪ್ರಾಂತ್ಯದ) ಟೋಪಿಯನ್ನು ಸದಾ ಧರಿಸುತ್ತಿದ್ದರು, ಅದು ತೊಗಲಿನದಾಗಿತ್ತು ಎನ್ನುತ್ತಾನೆ. ತಲೆಗೆ ಭಾರ ಹೊತ್ತು ರೂಢಿಯಾಗಿದ್ದರೆ ಯುದ್ಧದಲ್ಲಿ ಶಿರಸ್ತ್ರಾಣ ಭಾರವೆನಿಸದು ಎಂಬ ಕಾರಣವನ್ನೂ ಕೊಡುತ್ತಾನೆ. ಆದರೂ ಇಂದಿನ ತಂಡಗಳಲ್ಲಿ ಈ ಟೋಪಿ ಹೆಚ್ಚಾಗಿ ಫೆಲ್ಟಿನಲ್ಲಿಯೇ, ಅಂದರೆ ನೇಯದೆ ಒತ್ತಿ ಬಿಗಿಸಿದ ಉಣ್ಣೆಯಲ್ಲಿಯೇ, ತಯಾರಾಗುತ್ತದೆ. ಅದನ್ನು ತಪ್ಪೆನ್ನುವಂತಿಲ್ಲ, ಏಕೆಂದರೆ ಒಂದೇ ಆಕಾರ ಎರಡು ವಸ್ತುಗಳಲ್ಲಿ ಇದ್ದಿರಬಹುದು. ಒಂದನೆಯ ಶತಮಾನದ ಪಟ್ಟಿಕವಚ ತೊಟ್ಟವನ ತಲೆಯ ಮೇಲೆ ನಾಲ್ಕನೆಯ ಶತಮಾನದ ಈ ಎತ್ತರದ ಟೋಪಿಯನ್ನು ಕೂರಿಸುವುದೇ ನಿಜವಾದ ಎಡವಟ್ಟು, ಮತ್ತು ಅದು ಆಗಾಗ ಕಣ್ಣಿಗೆ ಬೀಳುತ್ತದೆ.

ಅದಕ್ಕಿಂತ ಹಳೆಯದು ಪಿಲೆಯಸ್ ಎಂಬ ತುದಿ ಚೂಪಾದ ಟೋಪಿ. ಕುಶಲಕರ್ಮಿಗಳ ದೇವತೆ ವಲ್ಕನ್‌ನ ತಲೆಯ ಮೇಲೂ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್ ತಲೆಯ ಮೇಲೂ ಇದನ್ನೇ ಕೆತ್ತಲಾಗಿದೆ. ಗುಲಾಮ ಬಿಡುಗಡೆ ಹೊಂದಿದಾಗ ತಲೆ ಬೋಳಿಸಿ ಇದನ್ನು ತೊಡಿಸುತ್ತಿದ್ದರಿಂದ ಅದು ಬಿಡುಗಡೆಯ ಗುರುತಾಯಿತು. ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 43-42ರಲ್ಲಿ ಟಂಕಿಸಿದ ನಾಣ್ಯದಲ್ಲಿ ಎರಡು ಕಠಾರಿಗಳ ನಡುವೆ ಇರುವುದು ಈ ಟೋಪಿಯೇ, ಕ್ರಿ.ಶ. 68ರಲ್ಲಿ ನೀರೋ ಸತ್ತ ಸುದ್ದಿ ತಿಳಿದಾಗ ರೋಮ್‌ನ ಜನ ಇದನ್ನು ತೊಟ್ಟು ಊರೆಲ್ಲ ಓಡಾಡಿದರು. ಆದ್ದರಿಂದ ಸ್ವತಂತ್ರನಾಗಿಯೇ ಹುಟ್ಟಿದ ನಾಗರಿಕನ ಪಾತ್ರ ವಹಿಸುವವರು ಎಲ್ಲರೂ ಅದನ್ನು ತೊಡುತ್ತಿದ್ದ ಸ್ಯಾಟರ್ನೇಲಿಯಾ ಹಬ್ಬವನ್ನು ಬಿಟ್ಟು ಬೇರೆ ದಿನ ಪಿಲೆಯಸ್ ಧರಿಸಿದರೆ ನೋಡುವವರಿಗೆ ತಪ್ಪು ಅರ್ಥ ಹೋಗುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜನಪ್ರಿಯವಾದ, ತುದಿ ಮುಂದಕ್ಕೆ ಬಾಗಿದ ಕೆಂಪು ಟೋಪಿ ಬೇರೆಯದೇ ವಂಶದ್ದು, ಇಂದಿನ ಟರ್ಕಿಯಲ್ಲಿದ್ದ ಪ್ರಾಚೀನ ಫ್ರಿಜಿಯ ನಾಡಿನದ್ದು. ಎರಡನ್ನೂ ಬೆರೆಸಿದ್ದು ಹದಿನೆಂಟನೆಯ ಶತಮಾನದವರು, ಆ ಗೊಂದಲದ ಫಲ ಇಂದಿಗೂ ಟೋಪಿ ಮಾರುವವರ ಬಳಿ ಸಿಗುತ್ತದೆ.

ತಯಾರಿಕೆಯ ಬಗ್ಗೆ ಅತ್ಯುತ್ತಮ ಸಾಕ್ಷ್ಯ ಇರುವುದು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೆಯಲ್ಲಿ. ಅಲ್ಲಿನ ಮುಖ್ಯ ಬೀದಿಗಳಲ್ಲೊಂದರಲ್ಲಿ ವೆರೆಕುಂಡಸ್ ಎಂಬಾತನ ಅಂಗಡಿಯ ಹೊರಗೋಡೆಯ ಮೇಲೆ, ಆನೆಗಳು ಎಳೆಯುವ ರಥದಲ್ಲಿ ನಿಂತ ವೀನಸ್ ದೇವಿಯ ಚಿತ್ರದ ಕೆಳಗೆ, ಕಾರ್ಖಾನೆಯ ಕೆಲಸವೇ ಚಿತ್ರಿತವಾಗಿದೆ. ನಡುವೆ ಒಂದು ಒಲೆ. ಅದರ ಎರಡೂ ಬದಿಗೆ ಓರೆಯಾಗಿ ಇಟ್ಟ ಹಲಗೆಗಳು. ಮೈಮೇಲೆ ಬಟ್ಟೆಯಿಲ್ಲದ ಆಳುಗಳು ಬಗ್ಗಿ, ಬಿಸಿ ದ್ರವದಲ್ಲಿ ನೆನೆದ ಉಣ್ಣೆಯನ್ನು ಆ ಹಲಗೆಗಳ ಮೇಲೆ ನಾದುತ್ತಿದ್ದಾರೆ. ಪಕ್ಕದಲ್ಲಿ ಉಣ್ಣೆ ಬಾಚುವವರು ಕೂತಿದ್ದಾರೆ, ಬಲತುದಿಯಲ್ಲಿ ಮಾಲೀಕ ತಯಾರಾದ ಬಟ್ಟೆಯನ್ನು ಬಿಡಿಸಿ ಹಿಡಿದು ತೋರಿಸುತ್ತಿದ್ದಾನೆ. ಫೆಲ್ಟ್ ತಯಾರಕರು ಆ ಊರಿನಲ್ಲಿ ಒಗ್ಗಟ್ಟಿನ ಕಸುಬಿನವರಾಗಿದ್ದರು ಎಂಬುದಕ್ಕೆ ಗೋಡೆಬರಹವೂ ಇದೆ: ಚುನಾವಣೆಗೆ ನಿಂತ ಒಬ್ಬ ಅಭ್ಯರ್ಥಿಗೆ ಅವರು ತಮ್ಮ ಕಸುಬಿನ ಹೆಸರಿನಲ್ಲಿಯೇ ಬೆಂಬಲ ಕೋರಿದ್ದಾರೆ. ರೋಮನ್ ಲೇಖಕ ಪ್ಲಿನಿಯಂತೂ, ಹೀಗೆ ಒತ್ತಿದ ಉಣ್ಣೆಗೆ ವಿನಿಗರ್ ಸೇರಿಸಿದರೆ ಅದು ಕಬ್ಬಿಣದ ಏಟನ್ನೂ ತಡೆಯುತ್ತದೆ ಎಂದು ಬರೆದಿದ್ದಾನೆ.

ನೂಲುವುದಾಗಲಿ ನೇಯುವುದಾಗಲಿ ಇದರಲ್ಲಿಲ್ಲ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಹುರುಪೆಗಳಿರುತ್ತವೆ. ತೇವ, ಬಿಸಿ ಮತ್ತು ಉಜ್ಜುವಿಕೆಗೆ ಸಿಕ್ಕಾಗ ಎಳೆಗಳು ಒಂದೇ ದಿಕ್ಕಿಗೆ ಜರುಗುತ್ತ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಂತೆ ಬಿಗಿಯುತ್ತವೆ. ಬಿಸಿನೀರಿಗೆ ಹಾಕಿದ ಉಣ್ಣೆ ಸ್ವೆಟರ್ ಮಗುವಿನ ಅಳತೆಗೆ ಕುಗ್ಗುವುದು ಇದೇ ಕಾರಣಕ್ಕೆ. ಮೊದಮೊದಲು ತಂಡಗಳು ಅಂಗಡಿಯಲ್ಲಿ ಸಿಗುವ ಫೆಲ್ಟ್ ಹಾಳೆಯನ್ನು ಕತ್ತರಿಸಿ ಹೊಲಿದು ಟೋಪಿ ಮಾಡಿಕೊಳ್ಳುತ್ತಿದ್ದವು, ಕೆಲವೊಮ್ಮೆ ಅದು ಉಣ್ಣೆಯೂ ಆಗಿರದೆ ಅಕ್ರಿಲಿಕ್ ಆಗಿರುತ್ತಿತ್ತು. ಈಗ ಪರಿಣತರು ಅನುಸರಿಸುವ ಕ್ರಮ ಬೇರೆ. ಬೇಕಾದ ಅಳತೆಗಿಂತ ದೊಡ್ಡದಾಗಿ ಕತ್ತರಿಸಿದ ಅಚ್ಚುಹಾಳೆಯ ಎರಡೂ ಮೈಗೆ ಬಾಚಿದ ಉಣ್ಣೆಯನ್ನು ಅಡ್ಡಡ್ಡ ಉದ್ದುದ್ದ ಪದರಗಳಾಗಿ ಹರಡಿ, ಬಿಸಿನೀರು ಚಿಮುಕಿಸಿ, ಅಂಚುಗಳನ್ನು ಮಡಿಸಿ ಕೂಡಿಸಿ, ಚಾಪೆಯಲ್ಲಿ ಸುತ್ತಿ ಉರುಳಿಸುತ್ತಾರೆ. ಉಣ್ಣೆ ಮೂರನೆಯ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಕುಗ್ಗಿದ ಮೇಲೆ ಅಚ್ಚನ್ನು ತೆಗೆದು, ಮರದ ತಲೆಯಚ್ಚಿನ ಮೇಲೆ ಎಳೆದು ಕೂರಿಸಿ ಒಣಗಿಸಿದರೆ ಹೊಲಿಗೆಯೇ ಇಲ್ಲದ ಟೋಪಿ ಸಿದ್ಧ. ಇಂದಿನವರು ಬಳಸುವ ಸಾಬೂನು ಮಾತ್ರ ಪಾಂಪೆಯ ಒಲೆಯ ಮೇಲೆ ಇದ್ದಿರಲಾರದು.

ಕೊನೆಗೆ ನಿಜವಾದ ಟೋಪಿಗಳು ಸಿಕ್ಕಿದ್ದು ಈಜಿಪ್ಟಿನ ಒಣ ಮರಳಿನಲ್ಲಿ. ಅಲ್ಲಿನ ಪೂರ್ವ ಮರುಭೂಮಿಯ ಮಾನ್ಸ್ ಕ್ಲಾಡಿಯಾನಸ್ ಎಂಬ ಕಲ್ಲುಗಣಿಯ ಕಸದ ರಾಶಿಯಲ್ಲಿ ಕ್ರಿ.ಶ. ಎರಡನೆಯ ಶತಮಾನದ ಆರಂಭದ ಹಸಿರು ಫೆಲ್ಟಿನ ದುಂಡು ಟೋಪಿಯೊಂದು ದೊರೆತಾಗ, ಈ ಬಗೆಯ ಟೋಪಿ ವೆನಿಸ್‌ನ ಶಿಲ್ಪಕ್ಕಿಂತ ಸುಮಾರು ಇನ್ನೂರು ವರ್ಷ ಹಿಂದೆಯೇ ಇತ್ತೆಂದು ತಿಳಿಯಿತು. ಬಣ್ಣಗೆಟ್ಟ ಕಂದು ಉಣ್ಣೆಯೇ ಪ್ರಾಚೀನತೆಯ ಲಕ್ಷಣವೆಂದು ನಂಬಿದವರಿಗೆ ಆ ಹಸಿರೂ ಒಂದು ಪಾಠವಾಯಿತು. ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ 1911ರಲ್ಲಿ ಇಂಗ್ಲೆಂಡಿನ ಬೋಲ್ಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದ, ಈಜಿಪ್ಟಿನಿಂದಲೇ ಬಂದ ಮತ್ತೊಂದು ಫೆಲ್ಟ್ ಟೋಪಿ ದುರಸ್ತಿ ಕಂಡು 2025ರಲ್ಲಿ ಪ್ರದರ್ಶನಕ್ಕೆ ಬಂದಿದೆ. ಅದು ರೋಮನ್ ಸೈನಿಕನೊಬ್ಬನದಾಗಿತ್ತೆಂದು ಸಂಗ್ರಹಾಲಯ ಭಾವಿಸುತ್ತದೆ.

ಶಿರಸ್ತ್ರಾಣದ ಕೆಳಗೆ ಏನಿತ್ತು ಎಂಬ ಪ್ರಶ್ನೆಗೆ ಚಿತ್ರಗಳು ಉತ್ತರಿಸಲಾರವು. ಅದಕ್ಕೆ ನೆರವಾಗುವುದು ಸ್ವತಃ ಸೈನಿಕನಾಗಿದ್ದ ಇತಿಹಾಸಕಾರ ಅಮ್ಮಿಯಾನಸ್. ಕ್ರಿ.ಶ. 359ರಲ್ಲಿ ಅಮಿಡಾ ನಗರ ಪರ್ಷಿಯನ್ನರ ವಶವಾದಾಗ ತಪ್ಪಿಸಿಕೊಂಡು ಓಡುತ್ತಿದ್ದ ಅವನಿಗೂ ಸಂಗಡಿಗರಿಗೂ ಆಳವಾದ ಬಾವಿಯೊಂದು ಸಿಕ್ಕಿತು, ಹಗ್ಗವಿರಲಿಲ್ಲ. ನಾರುಬಟ್ಟೆಗಳನ್ನು ಸೀಳಿ ಹಗ್ಗ ಮಾಡಿ, ಒಬ್ಬನು ಶಿರಸ್ತ್ರಾಣದ ಕೆಳಗೆ ಹಾಕಿಕೊಂಡಿದ್ದ ಟೋಪಿಯನ್ನು ತುದಿಗೆ ಕಟ್ಟಿ ಇಳಿಬಿಟ್ಟರು. ಅದು ಹೀರಿಕೊಂಡು ಬಂದ ನೀರಿನಿಂದ ದಾಹ ತೀರಿಸಿಕೊಂಡರು. ಅದು ಫೆಲ್ಟೇ ಎಂದು ಅವನು ಹೇಳುವುದಿಲ್ಲ, ಆದರೆ ಅಷ್ಟು ನೀರು ಹೀರಬೇಕಾದರೆ ದಪ್ಪನೆಯದೇ ಆಗಿರಬೇಕು. ಈ ಲೆಕ್ಕ ಹಿಡಿದವರು ಈಗ ಮೊದಲು ಟೋಪಿ ಮಾಡಿಸಿ, ಅದನ್ನು ತೊಟ್ಟ ತಲೆಯ ಸುತ್ತಳತೆಯನ್ನೇ ಶಿರಸ್ತ್ರಾಣ ತಯಾರಕನಿಗೆ ಕೊಡುತ್ತಾರೆ.